ಒಂದು ಬೆರಳೋ, ಇಡೀ ಅಂಗೈಯೋ? ಓಡುವವರು, ಆಡುವವರು ತಮ್ಮ ನೋವನ್ನು ತಾವೇ ಓದಿಕೊಳ್ಳುವ ಬಗೆ

ಕಾರವಾರದ ಟಾಗೋರ್ ಕಡಲತೀರದಲ್ಲಿ ಸಂಜೆ 5ರ ಮೇಲೆ ನಿಂತರೆ ಪೊಲೀಸ್ ಮತ್ತು ಸೇನಾ ಭರ್ತಿಗೆ ತಯಾರಾಗುವ ಹುಡುಗ ಹುಡುಗಿಯರು ಕಾಣುತ್ತಾರೆ. ಭರ್ತಿಯ ಸುದ್ದಿ ಬಂದ ವಾರ ಈ ಸಂಖ್ಯೆ ಜಾಸ್ತಿ. ಮೂರನೇ ವಾರಕ್ಕೆ ಅರ್ಧ ಮಂದಿ ಕುಂಟುತ್ತಿರುತ್ತಾರೆ. ಅವರ ಓಟ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಯಾರಾದರೂ ಬಂದು "ಕಾಲು ಹಿಡಿದಿದೆ" ಅಂದರೆ ನಾನು ಮೊದಲು ಹೇಳುವುದು ಒಂದೇ ಮಾತು: ಎಲ್ಲಿ, ತೋರಿಸು. ಒಂದೇ ಬೆರಳಿನಿಂದ ಒಂದು ಬಿಂದು ಒತ್ತಿ ತೋರಿಸಿದರೆ ನನಗೆ ಭಯ. ಅಂಗೈಯಿಂದ ಸವರಿ "ಇಲ್ಲೆಲ್ಲ" ಅಂದರೆ ಸ್ವಲ್ಪ ಸಮಾಧಾನ. ಈ ಒಂದು ಪರೀಕ್ಷೆಗೆ ದುಡ್ಡು ಬೇಡ, ಮಷೀನು ಬೇಡ.

ನಮ್ಮ ಕಡೆ ಇದು ತಿಳಿದಿರಲೇಬೇಕು. ಲಿಗಮೆಂಟ್ (ಎಲುಬಿಗೆ ಎಲುಬನ್ನು ಕಟ್ಟಿಡುವ ಪಟ್ಟಿ) ಆಪರೇಷನ್, ದೊಡ್ಡ ಸ್ಕ್ಯಾನ್ ಅಂದರೆ ಇಲ್ಲಿನ ಎಷ್ಟೋ ಮಂದಿ ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಗೋವಾಕ್ಕೋ ಹೊರಡುತ್ತಾರೆ. ಒಂದು ದಿನ ಹೋಯಿತು, ದುಡ್ಡೂ ಹೋಯಿತು. ಹಾಗಾಗಿ ಹೋಗಬೇಕಾದವರು ಹೋಗುವುದಿಲ್ಲ, ಬೇಡದವರು ಹೋಗಿ ಬರುತ್ತಾರೆ.

ಇವು ಇದ್ದರೆ ಮುಂದೆ ಓದಬೇಡಿ, 108ಕ್ಕೆ ಫೋನ್ ಮಾಡಿ

ಓಡುವಾಗ ಎದೆ ಹಿಂಡಿದ ಹಾಗೆ ನೋವು, ಅದು ದವಡೆಗೋ ಎಡಗೈಗೋ ಹರಡುವುದು. ಓಡುತ್ತ ಓಡುತ್ತ ಎಚ್ಚರ ತಪ್ಪಿ ಬೀಳುವುದು. ಬಿಸಿಲಲ್ಲಿ ಮಾತು ತೊದಲುವುದು. ತಲೆಗೆ ಪೆಟ್ಟಾದ ಮೇಲೆ ಮತ್ತೆ ಮತ್ತೆ ವಾಂತಿ. ಕುತ್ತಿಗೆಗೆ ಪೆಟ್ಟು ಬಿದ್ದು ಕೈಕಾಲು ಜೋಮು ಹಿಡಿಯುವುದು. ಕುತ್ತಿಗೆಗೆ ಪೆಟ್ಟಾದವರನ್ನು ಎತ್ತಿ ಕೂರಿಸಲು ಹೋಗಬೇಡಿ, ಬಿದ್ದಲ್ಲೇ ಅಲುಗಾಡಿಸದೆ ಇಡಿ. ಕೈ ಅಥವಾ ಕಾಲು ಸೊಟ್ಟಗಾಗಿ, ತುದಿ ತಣ್ಣಗೆ ಬಿಳಿಚಿಕೊಂಡಿರುವುದು. ಉಸಿರಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಲೇ ಇರಬೇಕು.

ಮರುದಿನ ಎರಡೂ ತೊಡೆ ಬಿಗಿದು ಮೆಟ್ಟಿಲು ಇಳಿಯಲಾಗದು

ಇದು ಹೆಚ್ಚಾಗಿ ದೋಷವೇ ಅಲ್ಲ. ಹೊಸ ಕೆಲಸ ಕೊಟ್ಟಾಗ ಸ್ನಾಯು ಹೀಗೇ ಗೊಣಗುತ್ತದೆ. ಗುರುತು ಸುಲಭ: ಎರಡೂ ಕಡೆ ನೋವು, ಅಂಗೈಯಗಲ ನೋವು, ಆಡಿದ ದಿನಕ್ಕಿಂತ ಮರುದಿನ ಅಥವಾ ಮೂರನೇ ದಿನ ಜಾಸ್ತಿ. ವಾರದೊಳಗೆ ತಾನಾಗಿ ಇಳಿಯುತ್ತದೆ. ಸುಮ್ನೆ ಮಲಗುವುದಕ್ಕಿಂತ ನಿಧಾನವಾಗಿ ನಡೆದರೆ ಹಗುರ. ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ ಅಂತ ಜಿಮ್‌ನಲ್ಲಿ ಹೇಳುತ್ತಾರಲ್ಲ, ಅದು ಓಟ ಮುಗಿದ ಒಂದೆರಡು ಗಂಟೆಯಲ್ಲೇ ಕರಗಿ ಹೋಗಿರುತ್ತದೆ. ಮರುದಿನದ ನೋವು ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣ ಸಣ್ಣ ಗಾಯದ್ದು.

ಇಲ್ಲಿ ಒಂದೇ ಒಂದು ಅಪಾಯದ ಬಾಗಿಲಿದೆ. ಮೊದಲ ದಿನವೇ 200 ಬಸ್ಕಿ ಹೊಡೆಸಿದರು, ಮರುದಿನ ತೊಡೆ ಊದಿಕೊಂಡು ಕಲ್ಲಾಯಿತು, ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿತು ಅಂದರೆ ಕಾಯಬೇಡಿ. ಸ್ನಾಯು ಒಡೆದು ಅದರ ಕಸ ಕಿಡ್ನಿಗೆ ಹೋಗುತ್ತಿದೆ. ಅವತ್ತೇ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆ ಮುಟ್ಟಬೇಡಿ, ಅದು ಕಿಡ್ನಿಗೆ ಇನ್ನೊಂದು ಪೆಟ್ಟು.

ಮೊಣಕಾಲಿನ ಕೆಳಗೆ, ಎಲುಬಿನ ಒಳಬದಿಯಲ್ಲಿ ನೋವು

ಭರ್ತಿ ಓಟಗಾರರ ನಂಬರ್ ಒನ್ ದೂರು ಇದೇ. "ಶಿನ್ ಪೇನ್" ಅನ್ನುತ್ತಾರೆ.

ಮೊದಲು ಬೆರಳಿನ ಪರೀಕ್ಷೆ. ಕಾಲಿನ ಎಲುಬಿನ ಒಳ ಅಂಚನ್ನು ಮೇಲಿನಿಂದ ಕೆಳಗೆ ಹೆಬ್ಬೆರಳಿನಿಂದ ಒತ್ತುತ್ತ ಬನ್ನಿ. ನಾಲ್ಕೈದು ಬೆರಳಗಲದಷ್ಟು ಉದ್ದಕ್ಕೆ ನೋವಿದ್ದು, ಓಡಲು ಶುರುಮಾಡಿದಾಗ ಚುರುಗುಟ್ಟಿ, ಮೈ ಬಿಸಿಯಾದ ಮೇಲೆ ಕಡಿಮೆಯಾಗಿ, ನಿಲ್ಲಿಸಿದ ಮೇಲೆ ಮತ್ತೆ ಬಂದರೆ ಅದು ಎಲುಬಿನ ಹೊದಿಕೆ ಮತ್ತು ಸ್ನಾಯುವಿನ ಒತ್ತಡ. ಓಟ ಅರ್ಧಕ್ಕೆ ಇಳಿಸಿದರೆ ಕೆಲವು ವಾರದಲ್ಲಿ ಸರಿಹೋಗುತ್ತದೆ.

ನೋವು ಒಂದು ರೂಪಾಯಿ ನಾಣ್ಯದಷ್ಟೇ ಜಾಗದಲ್ಲಿದೆ, ಒತ್ತಿದರೆ ಹಾರಿಬೀಳುತ್ತೀರಿ, ಓಡಿದಷ್ಟೂ ಜಾಸ್ತಿಯಾಗುತ್ತದೆ, ರಾತ್ರಿ ಮಲಗಿದಾಗಲೂ ಮಿಡಿಯುತ್ತದೆ ಅಂದರೆ ಕಥೆ ಬೇರೆ. ಎಲುಬಿನಲ್ಲಿ ಕೂದಲೆಳೆಯ ಬಿರುಕು ಶುರುವಾಗಿರಬಹುದು. ಆ ಕಾಲಿನ ಮೇಲೆ ಕುಪ್ಪಳಿಸಿ ನೋಡುವ ಸಾಹಸ ಬೇಡ. ನಡೆಯುವಾಗಲೇ ನೋವಿದ್ದರೆ ಅಷ್ಟೇ ಸಾಕು. ಓಟ ನಿಲ್ಲಿಸಿ ಎಲುಬಿನ ಡಾಕ್ಟರಿಗೆ ತೋರಿಸಿ. ಒಂದು ಮೋಸ ತಿಳಿದಿರಲಿ: ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. "ಎಕ್ಸ್‌ರೇ ನಾರ್ಮಲ್" ಅಂತ ಮರುದಿನವೇ ಓಡಿದವರನ್ನು ನೋಡಿದ್ದೇನೆ. ಆರೆಂಟು ವಾರದ ವಿಶ್ರಾಂತಿಯಲ್ಲಿ ಮುಗಿಯುತ್ತಿದ್ದದ್ದು ಪೂರ್ತಿ ಮುರಿಯುವ ತನಕ ಹೋಗುತ್ತದೆ.

ಇದೇ ಬಿರುಕು ತೊಡೆಸಂದಿಯಲ್ಲಿ ಆದರೆ ಇನ್ನೂ ಕೆಟ್ಟದ್ದು. ತೊಡೆಸಂದಿಯ ಆಳದಲ್ಲಿ, ಕಾಲೂರಿದಾಗ ನೋವು ಬಂದರೆ ಅವತ್ತೇ ಓಟ ಬಂದ್. ತೊಡೆ ಎಲುಬಿನ ಕತ್ತು ಮುರಿದರೆ ಆಪರೇಷನ್ ಬಿಟ್ಟು ದಾರಿ ಇರುವುದಿಲ್ಲ.

ಹುಡುಗಿಯರಿಗೆ ಇನ್ನೊಂದು ಮಾತು. ಓಟ ಹೆಚ್ಚಿಸಿ ಊಟ ಕಡಿಮೆ ಮಾಡಿದ ಮೇಲೆ ಮುಟ್ಟು ಮೂರು ತಿಂಗಳು ನಿಂತಿದ್ದರೆ ಅದನ್ನು ಅನುಕೂಲ ಅಂದುಕೊಳ್ಳಬೇಡಿ. ಮೈಗೆ ಅನ್ನ ಸಾಲುತ್ತಿಲ್ಲ, ಎಲುಬು ಸವೆಯುತ್ತಿದೆ ಅನ್ನುವ ಸೂಚನೆ ಅದು. ಡಾಕ್ಟರ ಹತ್ತಿರ ನಾಚದೆ ಹೇಳಿ.

ಕಾರಣ ಹುಡುಕುವಾಗ ಶೂ ಬಯ್ಯುವ ಮೊದಲು ನೆಲ ನೋಡಿ. ಇಳಿತದ ಹೊತ್ತಿನಲ್ಲಿ ಒದ್ದೆ ಮರಳು ಗಟ್ಟಿ, ಓಡಲು ಚೆಂದ. ಆದರೆ ಅದು ಕಡಲ ಕಡೆ ಇಳಿಜಾರು. ಒಂದೇ ದಿಕ್ಕಿಗೆ ಓಡಿದರೆ ನೀರಿನ ಕಡೆಯ ಕಾಲು ಇಡೀ ಹೊತ್ತು ತಗ್ಗಿನಲ್ಲಿರುತ್ತದೆ. ಹೋದಷ್ಟೇ ದೂರ ವಾಪಸ್ ಓಡಿ ಬಂದರೆ ಲೆಕ್ಕ ಸಮ. ಮೇಲಿನ ಸಡಿಲ ಮರಳು ಮೀನಖಂಡವನ್ನು ಹಿಂಡುತ್ತದೆ, ಅಲ್ಲಿ ಹತ್ತು ನಿಮಿಷ ಸಾಕು. ಶಿರಸಿ, ಯಲ್ಲಾಪುರದ ಕಡೆ ಸಮಸ್ಯೆ ಉಲ್ಟಾ: ಕೆಂಪು ಜಂಬಿಟ್ಟಿಗೆ ನೆಲ ಕಲ್ಲಿನ ಹಾಗೆ, ಜೊತೆಗೆ ಏರಿಳಿತ. ಇಳಿಜಾರಿನಲ್ಲಿ ಓಡಿ ಇಳಿಯುವುದೇ ಮಂಡಿಗೂ ಕಾಲಿಗೂ ಹೆಚ್ಚು ಪೆಟ್ಟು, ಹತ್ತುವುದಲ್ಲ.

ಪಾದ ಮಡಚಿತು, ಗಂಟು ಬಾತಿತು

ಇದನ್ನು ನಾನು ಸ್ವಂತ ಕಾಲಿನಲ್ಲಿ ಕಲಿತೆ. ಕೊಯ್ಲು ಮುಗಿದ ಗದ್ದೆಯಲ್ಲಿ ರಾತ್ರಿ ವಾಲಿಬಾಲ್ ಪಂದ್ಯ. ನೆಟ್ಟಿನಲ್ಲಿ ಹಾರಿ ಇಳಿಯುವಾಗ ಎದುರಿನವನ ಪಾದದ ಮೇಲೆ ಇಳಿದೆ. ಗಂಟು ಒಳಗೆ ಮಡಚಿತು. ಯಾರೋ ಬಿಸಿ ಎಣ್ಣೆ ತಂದರು, ಇನ್ಯಾರೋ ಲಕ್ಕಿ ಸೊಪ್ಪಿನ ಬಿಸಿ ಕಾವು ಕೊಟ್ಟರು, ಒಬ್ಬರು "ಉಳುಕು ತೆಗೀತೇನೆ" ಅಂತ ಪಾದ ಹಿಡಿದು ತಿರುಪಿದರು. ಬೆಳಿಗ್ಗೆ ಕಾಲು ಪರಂಗಿ ಹಣ್ಣಿನಷ್ಟಾಗಿತ್ತು. ಪ್ರೀತಿಯಿಂದಲೇ ಮಾಡಿದ್ದರು, ಬೇಸರವಿಲ್ಲ. ಆದರೆ ಮೊದಲ ಎರಡು ಮೂರು ದಿನ ಒಳಗೆ ರಕ್ತ ಒಸರುತ್ತಿರುತ್ತದೆ. ಆಗ ಬಿಸಿ, ತಿಕ್ಕುವುದು, ತಿರುಪುವುದು, ಮೂರೂ ಬಾವನ್ನು ಹೆಚ್ಚಿಸುತ್ತವೆ. ಮದ್ಯವೂ ಅಷ್ಟೇ.

ಮಾಡಬೇಕಾದ್ದು ಇಷ್ಟು. ಆಟ ನಿಲ್ಲಿಸಿ. ಕಾಲನ್ನು ಎದೆಗಿಂತ ಮೇಲೆ ಇಡಿ. ಕ್ರೇಪ್ ಬ್ಯಾಂಡೇಜ್ ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಿ. ಬೆರಳು ನೀಲಿಯಾದರೆ ಸಡಿಲಿಸಿ. ನೋವಿಗೆ ಐಸ್ ಇಡಬಹುದು, 10-15 ನಿಮಿಷ, ಬಟ್ಟೆ ಸುತ್ತಿ. ನಮ್ಮಲ್ಲಿ ಮೀನು ಮಾರ್ಕೆಟ್ ಇರುವಲ್ಲೆಲ್ಲ ಐಸ್‌ಗೆ ಬರವಿಲ್ಲ, ಹಾಗಂತ ಗಡ್ಡೆಯನ್ನೇ ಚರ್ಮಕ್ಕೆ ಒತ್ತಬೇಡಿ, ಸುಡುತ್ತದೆ.

ಎಕ್ಸ್‌ರೇ ಬೇಕೋ ಬೇಡವೋ? ಇದಕ್ಕೆ ಕೆನಡಾದ ಒಟ್ಟಾವಾದ ಡಾಕ್ಟರುಗಳು 1992ರಲ್ಲಿ ಮಾಡಿದ ಒಂದು ನಿಯಮ ಇವತ್ತಿಗೂ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಮನೆಯಲ್ಲೂ ಅಂದಾಜಿಗೆ ಬರುತ್ತದೆ. ಮತ್ತೆ ಬೆರಳಿನ ಕೆಲಸವೇ. ಒಳಗಿನ ಮತ್ತು ಹೊರಗಿನ ಗಂಟೆಲುಬುಗಳ ಹಿಂದಿನ ಅಂಚನ್ನು, ತುದಿಯಿಂದ ಮೇಲಕ್ಕೆ ಸುಮಾರು 6 ಸೆಂ.ಮೀ. ತನಕ ಒತ್ತಿ. ಪಾದದ ಹೊರ ಅಂಚಿನ ನಡುವೆ ಉಬ್ಬಿದ ಎಲುಬನ್ನು ಒತ್ತಿ. ಒಳಬದಿಯಲ್ಲಿ ಪಾದದ ಕಮಾನಿನ ಮೇಲಿರುವ ಎಲುಬನ್ನು ಒತ್ತಿ. ಎಲುಬಿನ ಮೇಲೇ ನೋವಿದ್ದರೆ ಎಕ್ಸ್‌ರೇ ಬೇಕು. ಪೆಟ್ಟಾದ ಕೂಡಲೇ ಮತ್ತು ಈಗಲೂ, ಕುಂಟಿಯಾದರೂ ನಾಲ್ಕು ಹೆಜ್ಜೆ ಹಾಕಲಾಗದಿದ್ದರೆ ಆಗಲೂ ಬೇಕು. ಎರಡೂ ಇಲ್ಲ, ನೋವು ಗಂಟಿನ ಮುಂದೆ ಮೆತ್ತಗಿನ ಜಾಗದಲ್ಲಿ ಮಾತ್ರ ಅಂದರೆ ಹೆಚ್ಚಾಗಿ ಲಿಗಮೆಂಟ್ ಉಳುಕು. ಬಾವಿನ ಗಾತ್ರ ನೋಡಿ ನಿರ್ಧರಿಸಬೇಡಿ, ಮುರಿಯದ ಕಾಲೂ ಭಯಂಕರ ಬಾಯುತ್ತದೆ. ಸಣ್ಣ ಮಕ್ಕಳಿಗೆ, ಕುಡಿದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಈ ನಿಯಮ ನಂಬಿಕೆಗೆ ಬಾರದು.

ಉಳುಕೇ ಆಗಿದ್ದರೆ ವಾರಗಟ್ಟಲೆ ಮಲಗಬೇಡಿ. ನೋವು ತಡೆಯುವಷ್ಟು ನಡೆಯಿರಿ, ಪಾದದಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ. ಮುಂದಿನ ಕೆಲಸವನ್ನೇ ಎಲ್ಲರೂ ಬಿಡುತ್ತಾರೆ: ಒಂಟಿ ಕಾಲಿನ ಮೇಲೆ ನಿಂತು ಹಲ್ಲುಜ್ಜುವುದು. ನಗು ಬರುತ್ತದೆ ಅಲ್ವಾ? ಒಮ್ಮೆ ಉಳುಕಿದ ಗಂಟಿಗೆ ತೋಲ ಹಿಡಿಯುವುದು ಮರೆತುಹೋಗಿರುತ್ತದೆ. ಅದನ್ನು ಕಲಿಸದೆ ಮೈದಾನಕ್ಕೆ ಹೋದವರ ಕಾಲು ಮತ್ತೆ ಮತ್ತೆ ಮಡಚುತ್ತದೆ. ನನ್ನದು ಮೂರು ಸಲ ಮಡಚಿದೆ.

ಮಂಡಿ ನೋವು

ಕಬಡ್ಡಿ ಈಗ ಮ್ಯಾಟಿಗೆ ಬಂದಿದೆ. ಮಣ್ಣಿನಲ್ಲಿ ಪಾದ ಜಾರುತ್ತಿತ್ತು, ಮ್ಯಾಟಿನಲ್ಲಿ ಶೂ ಕಚ್ಚಿಕೊಳ್ಳುತ್ತದೆ. ಪಾದ ನಿಂತು ಮೈ ತಿರುಗಿದಾಗ ಮಂಡಿಯೊಳಗೆ "ಕಟ್" ಅಂತ ಶಬ್ದ. ಒಂದೆರಡು ಗಂಟೆಯೊಳಗೆ ಮಂಡಿ ತುಂಬಿಕೊಂಡರೆ ಒಳಗೆ ರಕ್ತ ಕೂಡಿದೆ, ಮಂಡಿಯ ನಡುವಿನ ಎಸಿಎಲ್ ಲಿಗಮೆಂಟ್ ಹರಿದಿರುವ ಅನುಮಾನ ಬಲವಾಗಿದೆ ಅಂತ ಅರ್ಥ. ಬಾವು ಮರುದಿನ ನಿಧಾನಕ್ಕೆ ಬಂದರೆ ಮಂಡಿಯ ಎಲುಬುಗಳ ನಡುವಿನ ಕುಶನ್‌ಗೆ (ಮೆನಿಸ್ಕಸ್) ಪೆಟ್ಟು ಇರಬಹುದು. ಮಂಡಿ ಒಂದು ಕೋನದಲ್ಲಿ ಸಿಕ್ಕಿ ನೇರವಾಗದಿದ್ದರೆ ಎಳೆದು ಬಿಡಿಸಬೇಡಿ, ಬೇಗ ಡಾಕ್ಟರ ಹತ್ತಿರ ಹೋಗಿ.

ಎಸಿಎಲ್‌ನ ಮೋಸ ಇರುವುದು ಮೂರನೇ ವಾರದಲ್ಲಿ. ಬಾವು ಇಳಿದು ನೇರ ನಡೆಯಲು ಬರುತ್ತದೆ, "ಗುಣವಾಯಿತು" ಅಂತ ಕಣಕ್ಕೆ ಇಳಿಯುತ್ತಾರೆ, ತಿರುಗಿದ ಕೂಡಲೇ ಮಂಡಿ ಕೈಕೊಡುತ್ತದೆ. ಹಾಗೆ ಕೈಕೊಟ್ಟಾಗಲೆಲ್ಲ ಒಳಗಿನ ಕುಶನ್ ಹರಿಯುತ್ತದೆ. ಶಬ್ದ ಕೇಳಿ ಬಾವು ಬಂದಿದ್ದರೆ, ನಡೆಯಲು ಬಂದರೂ ತೋರಿಸಿ.

ಪೆಟ್ಟೇ ಆಗಿಲ್ಲ, ಮೆಟ್ಟಿಲು ಇಳಿಯುವಾಗ, ಬಸ್ಸಿನಲ್ಲಿ ಬಹಳ ಹೊತ್ತು ಕೂತಾಗ ಮಂಡಿಚಿಪ್ಪಿನ ಸುತ್ತ ಅಂಗೈಯಗಲ ನೋವು ಅಂದರೆ ಗಾಬರಿ ಬೇಡ. ಬಸ್ಕಿಯ ಆಳ ಕಡಿಮೆ ಮಾಡಿ, ತೊಡೆ ಮತ್ತು ಸೊಂಟದ ಪಕ್ಕದ ಸ್ನಾಯು ಗಟ್ಟಿ ಮಾಡಿ, ಆರು ವಾರ ಕೊಡಿ. ಯಕ್ಷಗಾನದಲ್ಲಿ ಮಂಡಿ ಹಾಕಿ ತಿರುಗುವವರಿಗೆ ಚಿಪ್ಪಿನ ಮುಂದೆ ಮೆತ್ತಗಿನ ಉಬ್ಬು ಬರುವುದುಂಟು. ಒತ್ತಡ ತಪ್ಪಿಸಿದರೆ ಇಳಿಯುತ್ತದೆ. ಅದು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಕೀವಿನ ಲಕ್ಷಣ, ಅವತ್ತೇ ಆಸ್ಪತ್ರೆ.

ಹಿಂದಿನಿಂದ ಯಾರೋ ಒದ್ದ ಹಾಗಾಯಿತು, ತಿರುಗಿದರೆ ಯಾರೂ ಇಲ್ಲ

ಹಿಮ್ಮಡಿಯ ಮೇಲಿನ ದಪ್ಪ ನರ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ), ಅಂದರೆ ಅಕಿಲಿಸ್, ಹರಿದಾಗ ಎಲ್ಲರೂ ಹೇಳುವುದು ಇದನ್ನೇ. ವಾರಕ್ಕೊಮ್ಮೆ ಷಟಲ್ ಆಡುವ ನಲವತ್ತರ ಆಸುಪಾಸಿನವರಲ್ಲಿ ಜಾಸ್ತಿ. ಮಂಚದ ಮೇಲೆ ಬೋರಲು ಮಲಗಿ ಪಾದ ಹೊರಗೆ ಇಳಿಬಿಡಿ. ಇನ್ನೊಬ್ಬರು ಮೀನಖಂಡ ಹಿಂಡಲಿ. ಪಾದ ಕೆಳಗೆ ಬಾಗಬೇಕು. ಬಾಗದಿದ್ದರೆ ಹರಿದಿದೆ. ಕುಂಟುತ್ತ ನಡೆಯಲು ಬರುತ್ತದೆ, ಅದನ್ನು ನಂಬಿ ವಾರಗಟ್ಟಲೆ ತಡಮಾಡಬೇಡಿ. ಸಿಪ್ರೊಫ್ಲಾಕ್ಸಸಿನ್ ಜಾತಿಯ ಆ್ಯಂಟಿಬಯೋಟಿಕ್ ತಗೊಂಡ ವಾರಗಳಲ್ಲಿ ಈ ನರ ದುರ್ಬಲವಾಗಬಹುದು, ಆಗ ಜೋರು ಓಟ ಬೇಡ.

ಒದ್ದ ಹಾಗಾದದ್ದು ತೊಡೆಯ ಹಿಂಭಾಗದಲ್ಲಾದರೆ ಹ್ಯಾಮ್‌ಸ್ಟ್ರಿಂಗ್ ಎಳೆತ. ಎಳೆದು ಸ್ಟ್ರೆಚ್ ಮಾಡಬೇಡಿ. ದೊಡ್ಡ ಕಪ್ಪು ಕಲೆ ಬಿದ್ದರೆ ಅಥವಾ ಕೂರುವ ಎಲುಬಿನ ಹತ್ತಿರವೇ ನೋವಿದ್ದರೆ ತೋರಿಸಿ.

ಬೆರಳ ತುದಿ ಜೋತುಬಿದ್ದಿದೆ, ಭುಜ ಜಾರಿದೆ

ಚೆಂಡು ಬೆರಳಿಗೆ ಹೊಡೆದ ಕೂಡಲೇ ಪಕ್ಕದವರು ಅದನ್ನು ಎಳೆಯುವುದು ನಮ್ಮ ವಾಲಿಬಾಲ್ ಮೈದಾನಗಳ ಹಳೆ ಚಾಳಿ. ಬೇಡ. ಉಂಗುರವಿದ್ದರೆ ಬಾವು ಬರುವ ಮೊದಲು ತೆಗೆಯಿರಿ, ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ. ತುದಿಯ ಗೆಣ್ಣು ತಾನಾಗಿ ನೇರವಾಗದೆ ಜೋತುಬಿದ್ದರೆ ಅದರ ನರ ಹರಿದಿದೆ. ಗಟ್ಟಿ ಪಟ್ಟಿ (ಸ್ಪ್ಲಿಂಟ್) ಹಾಕಿ ಆರರಿಂದ ಎಂಟು ವಾರ ನೇರ ಇಡಬೇಕು. ನಡುವೆ ಒಂದು ಸಲ ಬಾಗಿದರೂ ಎಣಿಕೆ ಮತ್ತೆ ಒಂದರಿಂದ ಶುರು.

ಭುಜ ಜಾರಿದರೆ ಮೈದಾನದಲ್ಲಿ ಕೂರಿಸುವ ಪ್ರಯತ್ನ ಬೇಡ, ಸಿನಿಮಾದಲ್ಲಿ ಮಾತ್ರ ಅದು ಚೆಂದ. ಟವೆಲ್‌ನಲ್ಲಿ ಜೋಳಿಗೆ ಕಟ್ಟಿ ಕರೆದೊಯ್ಯಿರಿ.

ತಲೆಗೆ ಪೆಟ್ಟು

ಎಚ್ಚರ ತಪ್ಪದಿದ್ದರೂ ಮಂಪರು, ತಲೆನೋವು, ಸ್ಕೋರು ಮರೆಯುವುದು, ಬೆಳಕು ಕಣ್ಣಿಗೆ ಚುಚ್ಚುವುದು ಇದ್ದರೆ ಅವತ್ತು ಆಟ ಮುಗಿಯಿತು. ಫೈನಲ್ ಇದ್ದರೂ ಅಷ್ಟೇ. ಬೈಕ್ ಓಡಿಸಬಾರದು, ಕುಡಿಯಬಾರದು, ಒಂದು ದಿನ ಒಬ್ಬರೇ ಇರಬಾರದು. ತಲೆನೋವು ಏರುತ್ತಾ ಹೋದರೆ, ಎಬ್ಬಿಸಲು ಕಷ್ಟವಾದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ 108.

ಸೆಳೆತ, ತಲೆಸುತ್ತು, ವಾಂತಿ ಬಂದ ಹಾಗೆ

ಕರಾವಳಿಯ ಸೆಕೆ ಬೇರೆ ಜಾತಿ. ಉಷ್ಣಾಂಶ 33 ಡಿಗ್ರಿಯೇ ಇರಬಹುದು, ಆದರೆ ಗಾಳಿಯಲ್ಲಿ ತೇವ ತುಂಬಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಸುಮ್ನೆ ಸುರಿಯುತ್ತದೆ ಅಷ್ಟೇ. ಶಿರಸಿಯಿಂದ ಕೆಳಗೆ ಇಳಿದು ಕುಮಟಾದಲ್ಲಿ ಓಡುವವರು ಅದೇ ವೇಗ ಹಿಡಿದರೆ ಸೋಲುತ್ತಾರೆ. ಮೈ ಒಗ್ಗಲು ಒಂದೆರಡು ವಾರ ಬೇಕು. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ 7ರೊಳಗೆ ಮುಗಿಸಿ.

ಬರೀ ಸೆಳೆತವಾದರೆ ನೆರಳಲ್ಲಿ ಕೂತು, ಸ್ನಾಯು ಮೆಲ್ಲಗೆ ಚಾಚಿ. ಉಪ್ಪು ಹಾಕಿದ ಗಂಜಿ ತಿಳಿ, ಉಪ್ಪು ಸಕ್ಕರೆ ಹಾಕಿದ ಮುರುಗಲು ಪಾನಕ, ಓಆರ್‌ಎಸ್, ಯಾವುದಾದರೂ ಸರಿ. ಮನೆಯ ಲೆಕ್ಕ: ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಲೆಸುತ್ತು, ವಾಕರಿಕೆ ಬಂದರೆ ಮಲಗಿಸಿ ಕಾಲು ಎತ್ತಿಡಿ, ಅರ್ಧ ಗಂಟೆಯಲ್ಲಿ ಸುಧಾರಿಸಬೇಕು. ಮಾತು ಅಡ್ಡಾದಿಡ್ಡಿಯಾದರೆ ಅದು ಶಾಖಾಘಾತ. ಬೆವರುತ್ತಿದ್ದಾನಲ್ಲ ಅಂತ ಸಮಾಧಾನ ಬೇಡ, ಓಟಗಾರರು ಶಾಖಾಘಾತದಲ್ಲೂ ಬೆವರುತ್ತಾರೆ. ಆಂಬುಲೆನ್ಸ್‌ಗೆ ಹೇಳಿ, ಬರುವ ತನಕ ಅಂಗಿ ತೆಗೆದು ಬಾವಿ ನೀರು ಸುರಿಯುತ್ತಲೇ ಇರಿ, ಬೀಸುತ್ತಲೇ ಇರಿ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮೈಕೈ ನೋವಿನ ಜೊತೆ ಜ್ವರ

ಇದು ವ್ಯಾಯಾಮದ ನೋವಲ್ಲ. ನಮ್ಮ ಜಿಲ್ಲೆಯಲ್ಲಿ ಇದನ್ನು ತಪ್ಪು ತಿಳಿಯುವುದು ದುಬಾರಿ. ಮಳೆಗಾಲದಲ್ಲಿ ಗದ್ದೆ, ಕೆಸರು ನೀರಿನಲ್ಲಿ ಓಡಾಡಿದವರಿಗೆ ಜ್ವರ ಬಂದು, ಮೀನಖಂಡ ಮುಟ್ಟಲಾರದಷ್ಟು ನೋವು, ಕಣ್ಣು ಕೆಂಪು ಅಂದರೆ ಇಲಿ ಜ್ವರ ಇರಬಹುದು. ಡೆಂಗ್ಯೂ ಕೂಡ ಎಲುಬು ಮುರಿದ ಹಾಗೆ ನೋಯಿಸುತ್ತದೆ. ಡಿಸೆಂಬರ್‌ನಿಂದ ಮೇ ತನಕ ಸಿದ್ದಾಪುರದ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಕಾಲ. ಜ್ವರವಿದ್ದಾಗ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡಿ, ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಅಪಾಯ. ಪ್ಯಾರಸಿಟಮಾಲ್ ಸಾಕು. ಕಾಡಿಗೆ, ಗದ್ದೆಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಜ್ವರವಿಲ್ಲದೆ ಒಂದೇ ಮೀನಖಂಡ ಬಾತು ಬಿಸಿಯಾಗಿದ್ದರೆ, ಅದರಲ್ಲೂ ಪ್ಲಾಸ್ಟರ್ ಅಥವಾ ಉದ್ದದ ಪ್ರಯಾಣದ ನಂತರವಾದರೆ, ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬೇಡಿ, ಅವತ್ತೇ ತೋರಿಸಿ.

ಮತ್ತೆ ಓಡುವುದು ಯಾವಾಗ

ಕ್ಯಾಲೆಂಡರ್ ನೋಡಿ ಅಲ್ಲ, ಕಾಲು ನೋಡಿ. ಅರ್ಧ ಗಂಟೆ ಬಿರುಸಾಗಿ ನಡೆದರೆ ನೋವಿಲ್ಲ. ಒಂಟಿ ಕಾಲಿನ ಮೇಲೆ ಹಿಮ್ಮಡಿ ಎತ್ತುವುದು, ಪೆಟ್ಟಾಗದ ಕಾಲಿನಷ್ಟೇ ಸಲ ಬರುತ್ತದೆ. ನಿಂತಲ್ಲೇ ಹತ್ತು ಸಲ ಕುಪ್ಪಳಿಸಿದರೂ ಏನೂ ಇಲ್ಲ. ಇಷ್ಟಾದರೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ. ತೀರ್ಪು ಕೊಡುವುದು ಮರುದಿನದ ಬೆಳಗು: ಹಾಸಿಗೆಯಿಂದ ಎದ್ದ ಮೊದಲ ಹೆಜ್ಜೆಗೆ ನೋವು ಹಿಂದಿನ ದಿನಕ್ಕಿಂತ ಜಾಸ್ತಿಯಿದ್ದರೆ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ. ಮಾತ್ರೆ ನುಂಗಿ ಈ ಪರೀಕ್ಷೆ ಮಾಡಿದರೆ ಉತ್ತರ ಸುಳ್ಳು ಬರುತ್ತದೆ.

ಕುಂಟದವರು ಮಾಡಬೇಕಾದ್ದೂ ಇದೆ. ಓಟದ ಮುಂಚೆ ಕೂತು ಕಾಲು ಎಳೆಯುವುದನ್ನು ಬಿಟ್ಟು ನಿಧಾನ ಓಟ, ಮಂಡಿ ಎತ್ತುವುದು, ಪಕ್ಕಕ್ಕೆ ಜಿಗಿಯುವುದು ಮಾಡಿ. ಮಂಡಿ ಊರಿ ಕೂತು, ಗೆಳೆಯನಿಂದ ಹಿಮ್ಮಡಿ ಹಿಡಿಸಿಕೊಂಡು, ಮೈಯನ್ನು ನಿಧಾನಕ್ಕೆ ಮುಂದೆ ಬಾಗಿಸುವ ನಾರ್ಡಿಕ್ ವ್ಯಾಯಾಮ ವಾರಕ್ಕೆ ಎರಡು ಸಲವಾದರೂ ಇರಲಿ. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಪೆಟ್ಟು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ದೂರ ಮತ್ತು ವೇಗ, ಎರಡನ್ನೂ ಒಂದೇ ವಾರ ಹೆಚ್ಚಿಸಬೇಡಿ.

ದೊಡ್ಡ ಆಸ್ಪತ್ರೆಗೆ ಹೊರಡುವುದೇ ಆದರೆ ಮೊಬೈಲಿನಲ್ಲಿ ಐದು ಸಾಲು ಬರೆದುಕೊಳ್ಳಿ: ಯಾವ ದಿನ, ಹೇಗೆ ಬಿದ್ದದ್ದು, ಶಬ್ದ ಕೇಳಿತೇ, ಬಾವು ಎಷ್ಟು ಗಂಟೆಗೆ ಬಂತು, ಯಾವ ಮಾತ್ರೆ ನುಂಗಿದ್ದು. ಮೊದಲು ಬೆರಳಿಟ್ಟು ತೋರಿಸಿದ ಜಾಗದ ಮೇಲೆ ಪೆನ್ನಿನಿಂದ ಒಂದು ಸುತ್ತು ಹಾಕಿ. ಅರಬೈಲ್ ಘಾಟಿ ಹತ್ತಿ ಹುಬ್ಬಳ್ಳಿ ಸೇರುವಷ್ಟರಲ್ಲಿ ಇಡೀ ಕಾಲು ನೋಯುತ್ತಿರುತ್ತದೆ, ಡಾಕ್ಟರು ಕೇಳಿದಾಗ ನೀವೂ ಅಂಗೈಯಿಂದ ಸವರುತ್ತೀರಿ. ಪೆನ್ನಿನ ಗುರುತು ಮಾತ್ರ ಅಲ್ಲೇ ಇರುತ್ತದೆ.